ಉಸಿರಿಗೆ ದಾರಿ ಮಾಡಿದ ಮೇಲೆ ಗಾಗಲ್ ತಿಳಿಯಾಯಿತು

ಜನವರಿಯ ಎರಡನೇ ಶನಿವಾರ, ಬೆಳಿಗ್ಗೆ ಎಂಟೂವರೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನ ಥಿಯೊಡೋರ್ ವರ್ತ್ ಪಾರ್ಕ್‌ನಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. ನಾನು ಮತ್ತು ಧಾರವಾಡದ ಗೆಳತಿ ಇಬ್ಬರೂ ಸ್ಕೀ ಕಟ್ಟಿಕೊಂಡು ಹೊರಟೆವು. ನಾವು ಮಾಡುವುದು ಕ್ರಾಸ್ ಕಂಟ್ರಿ ಸ್ಕೀ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಜಾರಿ ಬರುವುದಲ್ಲ. ಕಾಡಿನ ಹಾದಿಯಲ್ಲಿ ನಮ್ಮ ಕೈಕಾಲಿನ ಬಲದಲ್ಲೇ ಏರು ಹತ್ತಬೇಕು, ಇಳಿಯಬೇಕು. ಏರಿನಲ್ಲಿ ಏದುಸಿರು, ಇಳುಕಲಿನಲ್ಲಿ ಮುಖಕ್ಕೆ ಚೂರಿಯಂಥ ಗಾಳಿ. ಕಣ್ಣಿಗೂ ಮುಖಕ್ಕೂ ಏನು ಹಾಕಬೇಕು ಅನ್ನುವ ಪ್ರಶ್ನೆ ಇಷ್ಟು ಕಷ್ಟವಾಗುವುದೇ ಇದರಿಂದ.

ಅವತ್ತು ನನ್ನ ಮುಖದ ಮೇಲೆ ಇದ್ದದ್ದು ದಿನಾ ಹಾಕುವ ಲೋಹದ ಫ್ರೇಮಿನ ಕನ್ನಡಕ, ಕತ್ತಿಗೆ ಸುತ್ತಿ ಮೂಗಿನವರೆಗೆ ಎಳೆದುಕೊಂಡ ಉಣ್ಣೆಯ ಮಫ್ಲರ್. ಮೊದಲ ಏರು ಮುಗಿಯುವಷ್ಟರಲ್ಲಿ ಕನ್ನಡಕಕ್ಕೆ ಆವಿ ಕಟ್ಟಿತು. ಎರಡನೇ ಏರಿಗೆ ಆ ಆವಿ ಹೆಪ್ಪುಗಟ್ಟಿ ಗಾಜಿನ ಮೇಲೆ ಐಸ್ ಆಯಿತು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ನನ್ನ ಪವರ್ ಮೈನಸ್ 5.5. ಕನ್ನಡಕ ತೆಗೆದರೆ ಹತ್ತು ಮಾರು ದೂರದ ಮರವೂ ಬರೀ ನೆರಳು. ಹಾಗೇ ಇಳುಕಲು ಇಳಿದೆ. ಕೆಳಗೆ ನಿಂತಿದ್ದ ಗೆಳತಿ ನನ್ನನ್ನು ನೋಡಿ ಕೂಗಿದಳು: "ಏ, ನಿನ್ನ ಗಲ್ಲ ಬೆಳ್ಳಗಾಗೇತಿ ನೋಡ!" ತೀರ್ಥಹಳ್ಳಿಯವಳಾದ ನನಗೆ ಗಲ್ಲ ಅಂದರೆ ಗದ್ದ. ಗದ್ದ ಮುಟ್ಟಿಕೊಂಡೆ. ಅವಳೇ ಬಂದು ಕೆನ್ನೆ ತೋರಿಸಿದಳು. ಕನ್ನಡಕದ ಲೋಹದ ಅಂಚು ತಾಗುವ ಜಾಗದಲ್ಲಿ, ಎಂಟಾಣೆ ಅಗಲದ ಬಿಳಿ ಕಲೆ. ಮುಟ್ಟಿದರೆ ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ.

ಹಿಮಗಾಯ, ಅಂದರೆ ಚಳಿಗೆ ಚರ್ಮವೇ ಹೆಪ್ಪುಗಟ್ಟುವುದು, ಶುರುವಾಗುವ ಮುಂಚಿನ ಹಂತ ಇದು. ಈ ಹಂತದಲ್ಲಿ ಉಜ್ಜಬಾರದು, ಹಿಮ ತಿಕ್ಕಲಂತೂ ಬಾರದು. ಗ್ಲೌಸ್ ತೆಗೆದು ಬೆಚ್ಚಗಿನ ಅಂಗೈ ಇಟ್ಟುಕೊಂಡು, ಹಾದಿ ಶುರುವಾಗುವಲ್ಲಿರುವ ಟ್ರೇಲ್‌ಹೆಡ್ ಕಟ್ಟಡದ ಒಳಗೆ ಬಂದೆವು. ಹತ್ತು ನಿಮಿಷದಲ್ಲಿ ಕೆಂಪಾಗಿ, ಸೂಜಿ ಚುಚ್ಚಿದ ಹಾಗೆ ಉರಿದು, ಸರಿಯಾಯಿತು. ಕಲೆ ಉಳಿಯಲಿಲ್ಲ. ಆದರೆ ಮೂರು ವಾರ ಆ ಜಾಗ ಚಳಿಗೆ ಬೇಗ ನೋಯುತ್ತಿತ್ತು. ಮುಖದ ಪೂರ್ತಿ ವ್ಯವಸ್ಥೆಯನ್ನೇ ಹೊಸದಾಗಿ ಮಾಡಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಆರು ವಾರ ಹಿಡಿದ ಆ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ವಾರ: ಹಳೆಯ ಗಾಗಲ್ ಬಿಚ್ಚಿದ್ದು

ಮನೆಯಲ್ಲಿ ಒಂದು ಹಳೆಯ ಸ್ಕೀ ಗಾಗಲ್ ಇತ್ತು. ನಮ್ಮ ಮನೆಯವರು ಯಾವುದೋ ವರ್ಷ ಸೆಕೆಂಡ್ ಹ್ಯಾಂಡ್ ಸಾಮಾನಿನ ಮಾರಾಟದಲ್ಲಿ ತಂದದ್ದು. ಕನ್ನಡಕದ ಮೇಲೇ ಹಾಕಿಕೊಳ್ಳುವಷ್ಟು ದೊಡ್ಡದು. ಫ್ರೇಮ್ ಗಟ್ಟಿಯಾಗಿತ್ತು, ಗಾಜಿನಲ್ಲಿ ಗೀರಿರಲಿಲ್ಲ. ಆದರೆ ಮುಖಕ್ಕೆ ತಾಗುವ ಫೋಮ್ ಮುಟ್ಟಿದರೆ ಪುಡಿ ಪುಡಿ, ಕೆಲವು ಕಡೆ ಬೆಲ್ಲದ ಪಾಕದಂತೆ ಅಂಟು ಅಂಟು. ಇಂಥ ಫೋಮ್ ಪಾಲಿಯುರೆಥೇನ್‌ನದು. ವರ್ಷಗಟ್ಟಲೆ ಬೆವರು, ತೇವ ಕುಡಿದು ಕುಡಿದು ತಾನೇ ಕರಗುತ್ತದೆ. ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟಿದ್ದರೂ ಹಾಗೆಯೇ ಆಗುತ್ತದೆ.

ಹೊಸದು ಕೊಳ್ಳಬಹುದಿತ್ತು. ಆದರೆ ಗಾಗಲ್ ಯಾಕೆ ಮಬ್ಬಾಗುತ್ತದೆ ಅಂತ ಕೈಯಾರೆ ಬಿಚ್ಚಿ ನೋಡಬೇಕು ಅನ್ನಿಸಿತು. ಅರ್ಥವಾಗದೆ ಕೊಂಡರೆ ಹೊಸದರಲ್ಲೂ ಅದೇ ಕಥೆ ಅಲ್ವಾ?

ಬಿಚ್ಚಿದಾಗ ಕಂಡದ್ದು ಇಷ್ಟು. ಗಾಜು ಒಂದಲ್ಲ, ಎರಡು. ಹೊರಗಿನದು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ಏಟು ತಡೆಯುವುದು. ಒಳಗಿನದು ತೆಳು ಪ್ಲಾಸ್ಟಿಕ್, ಅದರ ಮೇಲೆ ಆವಿ ಹೀರುವ ಲೇಪ. ಎರಡರ ನಡುವೆ ಸುತ್ತಲೂ ಫೋಮ್ ಅಂಟಿಸಿ ಮುಚ್ಚಿದ ಗಾಳಿಯ ಪದರ. ಹೊರಗಿನ ಗಾಜು ಮೈನಸ್ 20ರಲ್ಲಿದ್ದರೂ ಒಳಗಿನದು ಅಷ್ಟು ತಣ್ಣಗಾಗದಿರಲಿ ಅಂತ ಈ ಉಪಾಯ. ಇದನ್ನು ಮೊದಲು ಸರಿಯಾಗಿ ಮಾಡಿದವರು ಬಾಬ್ ಸ್ಮಿತ್. ಅಮೆರಿಕದ ದಂತವೈದ್ಯರು, ಹಲ್ಲು ಸಾಲು ಸರಿಪಡಿಸುವ ಪರಿಣತರು. ಹೊಸ ಹಿಮದಲ್ಲಿ ಸ್ಕೀ ಮಾಡುವ ಹುಚ್ಚು ಅವರಿಗೆ. 1965ರ ಹೊತ್ತಿಗೆ ಎರಡು ಗಾಜು ಸೇರಿಸಿ ಮುಚ್ಚಿ, ಗಾಳಿಯಾಡುವ ಫೋಮ್ ಇಟ್ಟು ಗಾಗಲ್ ಮಾಡಿದರು. ಅವರ ಹೆಸರಿನ ಕಂಪನಿ ಹುಟ್ಟಿದ್ದು ಅದರಿಂದಲೇ. ಮನೆಯ ಮೇಜಿನ ಮೇಲೆ ಶುರುವಾದ ಕೆಲಸ ಅಂತ ಓದಿದಾಗ ನನಗೆ ಧೈರ್ಯ ಬಂತು.

ಇನ್ನು ಫೋಮ್. ಮೇಲಂಚಿನಲ್ಲಿ, ಕೆಳಂಚಿನಲ್ಲಿ ಸಣ್ಣ ಸಣ್ಣ ಕಿಂಡಿಗಳು. ಅವುಗಳ ಮೇಲೆ ಜಾಲರಿಯಂಥ ತೆಳು ಫೋಮ್. ಕೆಳಗಿನ ಕಿಂಡಿಯಲ್ಲಿ ತಣ್ಣನೆಯ ಒಣ ಗಾಳಿ ಬರಬೇಕು, ಒಳಗೆ ಬೆಚ್ಚಗಾಗಿ ಮೇಲಿನ ಕಿಂಡಿಯಿಂದ ಹೋಗಬೇಕು. ಅಡಿಗೆಮನೆಯ ಹೊಗೆಗೂಡಿನ ಲೆಕ್ಕವೇ. ನನ್ನ ಗಾಗಲ್‌ನ ಮೇಲಿನ ಕಿಂಡಿಗಳಲ್ಲಿ ಹಳೆಯ ಫೋಮಿನ ಪುಡಿ ತುಂಬಿ ಹೊಗೆಗೂಡೇ ಮುಚ್ಚಿಹೋಗಿತ್ತು.

ಆಗಬಾರದಿದ್ದ ತಪ್ಪು

ಹಳೆಯ ಫೋಮನ್ನು ಐಸ್‌ಕ್ರೀಮ್ ಕಡ್ಡಿಯಿಂದ ಕೆರೆದೆ. ಕೆಳಗಿನ ಗಮ್ ಹೋಗಲಿಲ್ಲ. ಬಿಸಿನೀರು, ಸೋಪು ಹಾಕಿ ತಿಕ್ಕಿದೆ. ಅರ್ಧ ಹೋಯಿತು. ಉಳಿದದ್ದಕ್ಕೆ ಉಗುರು ಬಣ್ಣ ತೆಗೆಯುವ ದ್ರವ ಹತ್ತಿಗೆ ಹಚ್ಚಿ ಒರೆಸಿದೆ. ಗಾಜು ಬಿಚ್ಚಿ ಪಕ್ಕಕ್ಕಿಡದೆ ಹಾಗೆ ಮಾಡಿದ್ದೇ ತಪ್ಪು. ಒಂದು ಹನಿ ಹೊರಗಿನ ಗಾಜಿನ ಅಂಚಿಗೆ ಇಳಿಯಿತು. ನೋಡುತ್ತಿದ್ದಂತೆ ಆ ಜಾಗ ಬೆಳ್ಳಗಾಗಿ, ಒಳಗೆ ಕೂದಲೆಳೆಯಂಥ ಬಿರುಕು ಬಿಟ್ಟಿತು. ಆ ದ್ರವದಲ್ಲಿ ಅಸಿಟೋನ್ ಇರುತ್ತದೆ. ಪಾಲಿಕಾರ್ಬೊನೇಟಿಗೆ ಅದು ವಿಷ. ಬಿರುಕು ಬಿಟ್ಟ ಗಾಜು ಏಟನ್ನೂ ತಡೆಯುವುದಿಲ್ಲ. ಕಣ್ಣಿನ ಮುಂದೆ ಇರುವ ವಸ್ತು, ಅದನ್ನು ಹಾಗೇ ಬಳಸುವ ಮಾತೇ ಇಲ್ಲ. ಎಸೆದು ಅದೇ ಅಳತೆಯ ಹೊಸ ಗಾಜು ತರಿಸಿದೆ.

ನೀವು ಮಾಡುವುದಾದರೆ ಮೊದಲು ಗಾಜು ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಫ್ರೇಮಿನ ಗಮ್‌ಗೆ ಅಸಿಟೋನ್ ಬೇಡ, ಥಿನ್ನರ್ ಬೇಡ. ಗಾಯ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ತಾಳ್ಮೆಯಿಂದ ಉಜ್ಜಿದರೆ ಸಾಕು. ಅದೂ ಫ್ರೇಮಿಗೆ ಮಾತ್ರ. ಒಳಗಾಜಿನ ಲೇಪಕ್ಕೆ ಅದೂ ತಾಗಬಾರದು. ಕಿಂಡಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆರೆದೆ.

ಹೊಸ ಫೋಮ್

ಮೊದಲು ಕೈಗೆ ಸಿಕ್ಕಿದ್ದು ಯೋಗ ಮ್ಯಾಟ್‌ನ ತುಂಡು. ಮೆತ್ತಗಿದೆ, ನೀರು ಹೀರುವುದಿಲ್ಲ, ಕತ್ತರಿಸುವುದು ಸುಲಭ. ಒಂದು ಕಡೆ ಅಂಟಿಸಿಯೂ ಬಿಟ್ಟೆ. ಹಾಕಿಕೊಂಡ ಎರಡು ನಿಮಿಷಕ್ಕೆ ಒಳಗೆ ಸೆಕೆ. ಆ ಫೋಮಿನ ಗುಳ್ಳೆಗಳು ಒಂದೊಂದೂ ಮುಚ್ಚಿದವು, ಗಾಳಿ ಹಾಯುವುದೇ ಇಲ್ಲ. ಮುಖದ ಬೆವರು ಒಳಗೇ ನಿಲ್ಲುತ್ತದೆ. ಕಿತ್ತು ಹಾಕಿದೆ.

ಪರೀಕ್ಷೆ ಬಹಳ ಸುಲಭ. ಫೋಮಿನ ತುಂಡನ್ನು ತುಟಿಗೆ ಒತ್ತಿಕೊಂಡು ಊದಿ. ಆಚೆ ಕಡೆ ಕೈಗೆ ಗಾಳಿ ತಾಗಿದರೆ ಅದು ಗಾಳಿಯಾಡುವ ಫೋಮ್. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಕುಶನ್ ಫೋಮ್ ಈ ಪರೀಕ್ಷೆಯಲ್ಲಿ ಪಾಸಾಯಿತು. ಕಿಂಡಿಗಳ ಮೇಲಿನ ಜಾಲರಿಗೆ ಮೀನಿನ ತೊಟ್ಟಿಯ ಫಿಲ್ಟರ್ ಫೋಮ್ ತಂದೆ. ಅದು ದೊಡ್ಡ ರಂಧ್ರದ್ದು, ಗಾಳಿ ಸಲೀಸಾಗಿ ಹಾಯುತ್ತದೆ, ಹಿಮದ ಪುಡಿಯನ್ನು ತಡೆಯುತ್ತದೆ.

ಫ್ರೇಮನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಅಚ್ಚು ತೆಗೆದೆ. ಅಗಲ 9 ಮಿ.ಮೀ., ದಪ್ಪ 12 ಮಿ.ಮೀ. ಇಷ್ಟು ದಪ್ಪ ಯಾಕೆಂದರೆ ಮುಖಕ್ಕೆ ಒತ್ತಿದಾಗ ಅರ್ಧಕ್ಕೆ ಇಳಿಯುತ್ತದೆ. ಮುಖದ ಕಡೆಗೆ ತೆಳು ಫ್ಲೀಸ್ ಬಟ್ಟೆ ಅಂಟಿಸಿದೆ. ಬರೀ ಫೋಮ್ ಒಂದು ಗಂಟೆ ಮುಖಕ್ಕೆ ತಾಗಿದ್ದರೆ ತುರಿಕೆ ಬರುತ್ತದೆ. ಗಮ್ ಅಂದರೆ ಚಪ್ಪಲಿ ಅಂಟಿಸಲು ಬಳಸುವ ಜಾತಿಯದ್ದೇ. ಎರಡೂ ಕಡೆ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಒತ್ತಿದರೆ ಮತ್ತೆ ಸರಿಸಲು ಆಗದು. ಹಣೆಯ ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಇಳಿದುಕೊಂಡು ಬಂದೆ. ಬಟ್ಟೆ ಕ್ಲಿಪ್ ಹಾಕಿ ಎರಡು ದಿನ ಗ್ಯಾರೇಜಿನಲ್ಲಿಟ್ಟೆ. ಗಮ್‌ನ ವಾಸನೆ ಪೂರ್ತಿ ಹೋಗುವವರೆಗೂ ಕಣ್ಣಿಗೆ ಹಾಕಿಕೊಳ್ಳಬೇಡಿ.

ಮೂಗಿನ ಹತ್ತಿರ ಬೇರೆಯೇ ತೊಂದರೆ. ಈ ಗಾಗಲ್ ಮಾಡಿದವರ ಮನಸ್ಸಿನಲ್ಲಿದ್ದದ್ದು ಎತ್ತರದ ಮೂಗಿನ ಬುಡ. ನನ್ನದು ತಗ್ಗು. ಕನ್ನಡಿ ಮುಂದೆ ನಿಂತು ನೋಡಿದರೆ ಮೂಗಿನ ಎರಡೂ ಬದಿ ಪೆನ್ಸಿಲ್ ತೂರುವಷ್ಟು ಸಂದು. ಕೆಳಗಿನಿಂದ ಬರುವ ಉಸಿರು ನೇರ ಅಲ್ಲಿಂದಲೇ ಗಾಗಲ್ ಒಳಗೆ! ಈಗ ಅಂಗಡಿಗಳಲ್ಲಿ ತಗ್ಗು ಮೂಗಿಗೆ ಅಂತಲೇ ಬೇರೆ ಅಳತೆಯ ಗಾಗಲ್ ಸಿಗುತ್ತದೆ. ನಮ್ಮಲ್ಲಿ ತುಂಬಾ ಜನರಿಗೆ ಅದೇ ಸರಿಹೊಂದೀತು. ಕೇಳಿ ಕೊಳ್ಳಿ. ನಾನು 6 ಮಿ.ಮೀ. ಫೋಮ್ ತುಂಡನ್ನು ಬಾಳೆಹಣ್ಣಿನ ಆಕಾರಕ್ಕೆ ಕತ್ತರಿಸಿ ಎರಡೂ ಬದಿಗೆ ಸೇರಿಸಿದೆ. ಸಂದು ಮುಚ್ಚಿತು.

ಪವರ್ ಎಲ್ಲಿ ಇಡುವುದು?

ಗಾಗಲ್ ಒಳಗೆ ಕನ್ನಡಕ ಹಾಕಿದರೆ ಆವಿ ಕಟ್ಟಲು ಇನ್ನೆರಡು ಗಾಜು ಸೇರಿದಂತೆ. ಕಾಂಟಾಕ್ಟ್ ಲೆನ್ಸ್ ಎಲ್ಲಕ್ಕಿಂತ ಸಲೀಸು. ಚಳಿಗೆ ಅದು ಕಣ್ಣಿಗೇ ಹೆಪ್ಪುಗಟ್ಟಿ ಅಂಟುತ್ತದೆ ಅಂತ ಹೆದರಿಸುವವರು ಇದ್ದಾರೆ. ಹಾಗೆ ಆಗುವುದಿಲ್ಲ, ಕಣ್ಣಿನ ಬಿಸಿ ಮತ್ತು ಕಣ್ಣೀರು ಅದನ್ನು ಬೆಚ್ಚಗಿಡುತ್ತವೆ. ಆದರೆ ನನ್ನ ಕಣ್ಣು ಬೇಗ ಒಣಗುತ್ತದೆ, ಲೆನ್ಸ್ ಒಗ್ಗುವುದಿಲ್ಲ. ಹಾಗಾಗಿ ಗಾಗಲ್ ಒಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಚೌಕಟ್ಟು ತೆಗೆದುಕೊಂಡೆ. ಅದಕ್ಕೆ ಕಿವಿಯ ಕಡ್ಡಿ ಇಲ್ಲ, ಮೂಗಿನ ಮೇಲೂ ಕೂರುವುದಿಲ್ಲ. ಗಾಗಲ್‌ನ ಒಳ ಅಂಚಿಗೆ ಬಾಗಿ ಕೂರುತ್ತದೆ. ಕನ್ನಡಕದ ಅಂಗಡಿಯಲ್ಲಿ ನನ್ನ ಪವರ್ ಹಾಕಿಸಿದೆ. ರೆಪ್ಪೆಗೂ ಗಾಜಿಗೂ ನಡುವೆ ಜಾಗ ಇರಬೇಕು, ರೆಪ್ಪೆ ತಾಗಿದರೆ ಅಲ್ಲೇ ಮಬ್ಬು. ಕಿವಿ ಕಡ್ಡಿ ಇಲ್ಲದ್ದರಿಂದ ಪಕ್ಕದ ಫೋಮಿನಲ್ಲಿ ಕಚ್ಚು ಹಾಕುವ ಅಗತ್ಯ ಬೀಳಲಿಲ್ಲ. ಕನ್ನಡಕವನ್ನೇ ಒಳಗೆ ಹಾಕುವವರು ಕಡ್ಡಿ ಹಾಯುವ ಕಡೆ ಫೋಮನ್ನು ಸ್ವಲ್ಪ ಕಡಿಯಬೇಕು. ಇಲ್ಲವಾದರೆ ಒಂದು ಗಂಟೆಗೆ ಕಿವಿಯ ಮೇಲೆ ತಲೆನೋವು. ಕನ್ನಡಕ ಪ್ಲಾಸ್ಟಿಕ್ ಫ್ರೇಮಿನದೇ ಆಗಿರಲಿ. ಲೋಹ ಚರ್ಮದ ಬಿಸಿಯನ್ನು ಹೇಗೆ ಎಳೆದುಕೊಳ್ಳುತ್ತದೆ ಅಂತ ನನ್ನ ಕೆನ್ನೆಯೇ ತೋರಿಸಿತ್ತು.

ಮೂರನೇ ವಾರ: ಫ್ರೀಜರ್ ಪರೀಕ್ಷೆ

ಹೊರಗೆ ಹೋಗುವ ಮುಂಚೆ ಮನೆಯಲ್ಲೇ ನೋಡಬೇಕಿತ್ತು. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ. ಗಾಗಲನ್ನು ಅರ್ಧ ಗಂಟೆ ಅದರಲ್ಲಿಟ್ಟು, ತೆಗೆದು, ನೇರ ಬಾಲ್ಕನಿಗೆ ಹೋಗಿ ಹಾಕಿಕೊಂಡೆ. ಅಲ್ಲೂ ಮೈನಸ್ 12. ಬಾಲ್ಕನಿಯ ಮೆಟ್ಟಿಲು ಹತ್ತಿ ಇಳಿದು ಏದುಸಿರು ಬರಿಸಿಕೊಂಡೆ. ಕೈಯಲ್ಲಿ ಸ್ಟಾಪ್‌ವಾಚ್.

ಮುಖಕ್ಕೆ ಏನೂ ಮುಚ್ಚದೆ ಗಾಗಲ್ ಒಂದೇ ಹಾಕಿದಾಗ ಐದು ನಿಮಿಷವಾದರೂ ತಿಳಿಯಾಗಿತ್ತು. ಉಣ್ಣೆಯ ಮಫ್ಲರ್ ಮೂಗಿನವರೆಗೆ ಎಳೆದುಕೊಂಡ ತಕ್ಷಣ, 20 ಸೆಕೆಂಡಿನಲ್ಲಿ ಕೆಳಗಿನಿಂದ ಮಬ್ಬು ಏರಿತು. ಮೂರು ಸಲ ಮಾಡಿದೆ. ಮೂರು ಸಲವೂ ಹೀಗೇ.

ಗಾಗಲ್ ಮಬ್ಬಾದರೆ ನಾವೆಲ್ಲ ಗಾಜನ್ನು ಬೈಯುತ್ತೇವೆ. ಇನ್ನೂ ದುಬಾರಿ ಗಾಜು, ಇನ್ನೂ ಒಳ್ಳೆಯ ಲೇಪ ಹುಡುಕುತ್ತೇವೆ. ಆದರೆ ಬಾಯಿಂದ ಬರುವ ಉಸಿರು 30 ಡಿಗ್ರಿಗಿಂತ ಬಿಸಿ, ತೇವದಿಂದ ತುಂಬಿದ್ದು. ಮಫ್ಲರ್ ಅದನ್ನು ಮುಂದಕ್ಕೆ ಹೋಗಲು ಬಿಡದೆ ಮೇಲಕ್ಕೆ ತಳ್ಳುತ್ತದೆ. ಮಫ್ಲರ್‌ಗೂ ಮೂಗಿಗೂ ನಡುವಿನ ಸಂದು ಅದಕ್ಕೆ ಬಾಗಿಲು. ಅಷ್ಟು ತೇವ ಒಳಗೆ ಬಂದರೆ ಯಾವ ಗಾಜೂ ತಡೆಯಲಾರದು. ಕಣ್ಣಿಗೆ ಏನು ಹಾಕಬೇಕು ಅನ್ನುವುದಕ್ಕಿಂತ ಮುಂಚೆ ಉಸಿರು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಬೇಕು. ಇದು ಗೊತ್ತಾದ ಮೇಲೆ ಗಾಗಲ್ ಪಕ್ಕಕ್ಕಿಟ್ಟು ಹೊಲಿಗೆ ಮಷಿನ್ ಮುಂದೆ ಕೂತೆ.

ಅಮ್ಮನ ಡಾರ್ಟ್

ಆಗ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಮೂವತ್ತು ವರ್ಷ ಊರಿನಲ್ಲಿ ಬ್ಲೌಸ್ ಹೊಲಿದ ಕೈ ಅವರದು. ನಾನು ಮೊದಲು ಹೊಲಿದದ್ದು ಮಂಕಿ ಕ್ಯಾಪ್‌ನಂಥದ್ದು. ಊರಲ್ಲಿ ಮಾಘದ ಚಳಿಗೆ ಅಜ್ಜ ಹಾಕುತ್ತಿದ್ದ ಆಕಾರವೇ, ಕಣ್ಣಿಗೆ ಮಾತ್ರ ಜಾಗ, ಮೂಗು ಬಾಯಿ ಎಲ್ಲ ಫ್ಲೀಸ್‌ನಲ್ಲಿ ಮುಚ್ಚಿದ್ದು. ಹಾಕಿಕೊಂಡು 20 ನಿಮಿಷ ಸ್ಕೀ ಮಾಡಿದೆ. ಬಾಯಿಯ ಮುಂದಿನ ಬಟ್ಟೆ ಉಸಿರಿಗೆ ಒದ್ದೆಯಾಗಿ, ಹೊರಗಿನ ಚಳಿಗೆ ಹಪ್ಪಳದಂತೆ ಗಟ್ಟಿಯಾಯಿತು. ಆಮೇಲೆ ಉಸಿರೆಳೆಯುವುದೇ ಕಷ್ಟ. ಒದ್ದೆ ಬಟ್ಟೆ ಚರ್ಮಕ್ಕೆ ತಾಗಿದ್ದರೆ ಬೆಚ್ಚಗಿಡುವ ಬದಲು ತಣ್ಣಗೆ ಮಾಡುತ್ತದೆ.

ಎರಡನೆಯದಕ್ಕೆ ಬಾಯಿ, ಮೂಗಿನ ಹೊಳ್ಳೆ ಎರಡಕ್ಕೂ ಸೇರಿ ದೊಡ್ಡ ತೂತು ಇಟ್ಟೆ. ಉಸಿರಾಟ ಸಲೀಸಾಯಿತು. ಆದರೆ ಮೂಗಿನ ಎರಡೂ ಬದಿ ಬಟ್ಟೆ ಎದ್ದು ನಿಂತು ಡೇರೆಯಂತಾಗಿ, ಅರ್ಧ ಉಸಿರು ಅಲ್ಲಿಂದ ಮೇಲಕ್ಕೆ. ಮತ್ತೆ ಮಬ್ಬು.

ಅಮ್ಮ ಅದನ್ನು ನನ್ನ ಮುಖದ ಮೇಲೇ ಹಿಡಿದು ನೋಡಿದರು. "ಚಪ್ಪಟೆ ಬಟ್ಟೆ ತಂದು ಉಬ್ಬಿರೋ ಮುಖಕ್ಕೆ ಕಟ್ಟಿದ್ರೆ ಕೂರುತ್ತೇನೇ? ಬ್ಲೌಸಿಗೆ ಬಟ್ಟೆ ಮಡಚಿ ಡಾರ್ಟ್ ಹಿಡಿಯಲ್ವಾ, ಹಾಗೇ ಮೂಗಿಗೂ ಹಿಡಿಬೇಕು ಕಣೇ."

"ಎಷ್ಟು ಹಿಡಿಲಿ ಅಮ್ಮಾ?"

"ನಿನ್ನ ಮುಖ ನೀನೇ ಅಳೆದುಕೋ. ಎರಡು ಕಡೆ ಒಂದೇ ಸಮ ಇರಲ್ಲ ಯಾರ ಮುಖವೂ."

ಅಳೆದೆ. ಕಣ್ಣಿನ ಒಳ ಮೂಲೆಯಿಂದ ಮೂಗಿನ ತುದಿಗೆ, ತುದಿಯಿಂದ ಕೆನ್ನೆಯ ಮೂಳೆಗೆ, ಅಲ್ಲಿಂದ ಕಿವಿಗೆ. ಎಡಕ್ಕೂ ಬಲಕ್ಕೂ 4 ಮಿ.ಮೀ. ವ್ಯತ್ಯಾಸ! ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಮಾದರಿ ಹೊಲಿದೆವು. ಮೂಗಿನ ಬುಡದಿಂದ ಕೆಳಕ್ಕೆ ನಡು ಜೋಡಣೆ, ಎರಡೂ ಕೆನ್ನೆಗೆ ಒಂದೊಂದು ಡಾರ್ಟ್. ಬಟ್ಟೆ ಚರ್ಮಕ್ಕೆ ಒತ್ತಿದ ಹಾಗೆ ಕೂತಿತು. ಆಮೇಲೆ ಅಸಲಿ ಬಟ್ಟೆ. ಕೆನ್ನೆ ಮತ್ತು ಮೂಗಿನ ಮೇಲೆ ಎರಡು ಪದರ: ಹೊರಗೆ ಗಾಳಿ ತಡೆಯುವ ಬಟ್ಟೆ, ಒಳಗೆ ತೆಳು ಫ್ಲೀಸ್. ಕತ್ತಿಗೆ ಬರೀ ಉಣ್ಣೆ ಜರ್ಸಿ ಬಟ್ಟೆ. ಹತ್ತಿ ಬಟ್ಟೆ ಎಲ್ಲೂ ಇಲ್ಲ, ಅದು ಒದ್ದೆಯಾದರೆ ಒಣಗುವ ಮಾತೇ ಇಲ್ಲ. ಮೇಲಂಚಿನಲ್ಲಿ, ಮೂಗಿನ ಬುಡಕ್ಕೆ, ಕೋವಿಡ್ ಕಾಲದ ಮಾಸ್ಕಿನಿಂದ ಬಿಚ್ಚಿದ ಅಲ್ಯುಮಿನಿಯಂ ಪಟ್ಟಿ. ಮನೆಯಲ್ಲಿ ಒಂದು ಡಬ್ಬ ಮಾಸ್ಕ್ ಉಳಿದಿತ್ತು. ಲೋಹ ಚರ್ಮಕ್ಕೆ ತಾಗಬಾರದೆಂದು ಅದರ ಕೆಳಗೆ ಎರಡು ಮಡಿಕೆ ಫ್ಲೀಸ್ ಇಟ್ಟು ಹೊಲಿದೆವು.

ಬಾಯಿಯ ಭಾಗಕ್ಕೆ ಅಮ್ಮನದೇ ಉಪಾಯ. ತೂತಿನ ಬದಲು ಗಿಳಿಯ ಕೊಕ್ಕಿನಂತೆ ಒಂದು ಮುಚ್ಚಳ. ಮೇಲೆ ಹೊಳ್ಳೆಯ ಹತ್ತಿರ ಹೊಲಿದದ್ದು, ಕೆಳಗೆ ತೆರೆದದ್ದು. ಮೊಸರಿನ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದ ಪಟ್ಟಿಯನ್ನು ಒಳಗಿಟ್ಟು ಹೊಲಿದದ್ದರಿಂದ ಕೊಕ್ಕು ತುಟಿಗೆ ಅಂಟದೆ ಎರಡು ಬೆರಳು ದೂರ ನಿಲ್ಲುತ್ತದೆ. ಬಿಟ್ಟ ಉಸಿರು ಕೆಳಗೆ, ಎದೆಯ ಕಡೆಗೆ. ಎಳೆಯುವ ಗಾಳಿಯೂ ಸ್ವಲ್ಪ ಬೆಚ್ಚಗಾಗಿ ಬರುತ್ತದೆ.

ಹಾಕುವ ಕ್ರಮ ಮುಖ್ಯ. ಮೊದಲು ಮಾಸ್ಕ್, ಮೂಗಿನ ಪಟ್ಟಿ ಒತ್ತಿ ಕೂರಿಸಬೇಕು. ಆಮೇಲೆ ಗಾಗಲ್, ಅದರ ಫೋಮ್ ಮಾಸ್ಕಿನ ಮೇಲಂಚಿನ ಮೇಲೆ ಅರ್ಧ ಬೆರಳು ಕೂರಬೇಕು. ಮಾಸ್ಕ್ ಗಾಗಲ್ ಒಳಗೆ ತೂರಿದ್ದರೆ ಉಸಿರಿಗೆ ಕೊಳವೆ ಹಾಕಿಕೊಟ್ಟಂತೆ. ನಡುವೆ ಚರ್ಮ ಕಾಣುವಂತೆ ಸಂದು ಬಿಟ್ಟರೆ ಹಿಮಗಾಯ ಆಗುವುದು ಆ ಪಟ್ಟಿಯಲ್ಲೇ. ಇಳುಕಲಿನ ಗಾಳಿ ಎಂಥದ್ದು ಅಂತ ಲೆಕ್ಕ ಹಾಕಿ ನೋಡಿದ್ದೆ. ಮೈನಸ್ 20ರಲ್ಲಿ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿದರೆ ಚರ್ಮಕ್ಕೆ ಅದು ಸುಮಾರು ಮೈನಸ್ 33ರಂತೆ. ಅಂಥ ಚಳಿಗೆ ತೆರೆದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು.

ಫ್ರೀಜರ್ ಪರೀಕ್ಷೆ ಮತ್ತೆ ಮಾಡಿದೆ. ಹತ್ತು ನಿಮಿಷ, ಮೆಟ್ಟಿಲು ಹತ್ತಿ ಇಳಿದು. ಮೂಗಿನ ಬಲಕ್ಕೆ ಕಡಲೆಬೀಜದಷ್ಟು ಮಬ್ಬು. ಅಷ್ಟೇ. ಅಮ್ಮ ಬಲಗಡೆ ಡಾರ್ಟ್ ಬಿಚ್ಚಿ 3 ಮಿ.ಮೀ. ಹೆಚ್ಚು ಹಿಡಿದರು. ಅದೂ ಹೋಯಿತು.

ಗಾಜಿನ ಬಣ್ಣ

ಇದರಲ್ಲಿ ನನಗೆ ಗೊಂದಲ ಕಡಿಮೆ. ಗಾಜು ಎಷ್ಟು ಬೆಳಕು ಒಳಗೆ ಬಿಡುತ್ತದೆ ಅನ್ನುವುದರ ಮೇಲೆ ಎಸ್0ಯಿಂದ ಎಸ್4ರವರೆಗೆ ವರ್ಗ ಇದೆ. ಎಸ್0 ಅಂದರೆ ಶೇ. 80ಕ್ಕಿಂತ ಹೆಚ್ಚು ಬೆಳಕು, ಎಸ್1 ಶೇ. 43ರಿಂದ 80, ಎಸ್2 ಶೇ. 18ರಿಂದ 43, ಎಸ್3 ಶೇ. 8ರಿಂದ 18, ಎಸ್4 ಅದಕ್ಕೂ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸಂಜೆ ಐದರ ಸುಮಾರಿಗೆ ಕತ್ತಲು. ಕೆಲಸ ಮುಗಿಸಿ ದೀಪದ ಹಾದಿಯಲ್ಲಿ ಸ್ಕೀ ಮಾಡುವವರಿಗೆ ಬಣ್ಣವಿಲ್ಲದ ಎಸ್0 ಗಾಜೇ ಬೇಕು. ಮರಗಳ ನಡುವೆ, ಮೋಡದ ದಿನ, ಹಳದಿ ಅಥವಾ ಗುಲಾಬಿ ಛಾಯೆಯ ಎಸ್1. ಅದರಲ್ಲಿ ಹಾದಿಯ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ. ಬಿಸಿಲಿನಲ್ಲಿ ತೆರೆದ ಸರೋವರ ದಾಟುವಾಗ ಎಸ್3.

ಬಿಸಿಲಿನ ವಿಷಯದಲ್ಲಿ ಉದಾಸೀನ ಬೇಡ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ವಾಪಸ್ ಕಣ್ಣಿಗೆ ಎಸೆಯಬಲ್ಲದು. ಚಳಿ ಇದ್ದರೂ ಕಣ್ಣಿನ ಮೇಲ್ಪದರ ಸುಡುತ್ತದೆ. ಸಂಜೆಗೆ ಕಣ್ಣಿನಲ್ಲಿ ಮರಳು ಬಿದ್ದಂಥ ನೋವು. ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದರು. ಮರ, ಮೂಳೆ ಅಥವಾ ದಂತದ ಪಟ್ಟಿಯಲ್ಲಿ ತೆಳು ಸೀಳು ಕೊರೆದು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ಗಾಜೇ ಇಲ್ಲ, ಹಾಗಾಗಿ ಆವಿ ಕಟ್ಟುವ ಮಾತೂ ಇಲ್ಲ. ಮುಖದ ಅಳತೆಗೆ ಸರಿಯಾಗಿ ಕೆತ್ತುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಗೌರವ ಬರುತ್ತದೆ.

ಹೊರಗೆ

ಫೆಬ್ರವರಿ ಮೊದಲ ವಾರ, ಮೈನಸ್ 17, ವರ್ತ್ ಪಾರ್ಕ್. 2024ರ ಫೆಬ್ರವರಿಯಲ್ಲಿ ಕ್ರಾಸ್ ಕಂಟ್ರಿ ವಿಶ್ವಕಪ್ ನಡೆದದ್ದು ಇದೇ ಜಾಗದಲ್ಲಿ. ಇದೇ ರಾಜ್ಯದ ಆಫ್ಟನ್ ಊರಿನ ಸ್ಕೀ ಸ್ಪರ್ಧಿ ಜೆಸ್ಸಿ ಡಿಗಿನ್ಸ್ ಅವರನ್ನು ನೋಡಲು ಜನಸಾಗರವೇ ಸೇರಿತ್ತು. ಅಂಥ ಸ್ಪರ್ಧೆಗಳಿಗೂ ಒಂದು ಮಿತಿ ಇದೆ: ಹಾದಿಯ ಅತಿ ತಣ್ಣನೆಯ ಜಾಗದಲ್ಲಿ ಮೈನಸ್ 20ಕ್ಕಿಂತ ಕೆಳಗೆ ಹೋದರೆ ಸ್ಪರ್ಧೆ ನಡೆಸುವುದಿಲ್ಲ. ನಾನೂ ಅದನ್ನೇ ನನ್ನ ಮಿತಿ ಮಾಡಿಕೊಂಡಿದ್ದೇನೆ.

ಸ್ಪರ್ಧಿಗಳು ಗಾಗಲ್ ಹಾಕುವುದು ಕಡಿಮೆ. ಅಷ್ಟು ಜೋರಾಗಿ ಹೋಗುವವರಿಗೆ ಅದರೊಳಗೆ ಬೆವರು ಜಾಸ್ತಿ. ಮೇಲಕ್ಕೆ ಎತ್ತಬಹುದಾದ ಒಂಟಿ ಗಾಜಿನ ವೈಸರ್ ಹಾಕುತ್ತಾರೆ. ಸ್ವೀಡನ್ನಿನ ಬ್ಲಿಜ್, ಫಿನ್ಲೆಂಡಿನ ಯೊಕೊ ಕಂಪನಿಗಳು ಅಂಥವನ್ನು ಮಾಡುತ್ತವೆ. ಕೆನ್ನೆ, ಮೂಗಿಗೆ ಸ್ನಾಯುನೋವಿಗೆ ಹಚ್ಚುವ ಬಟ್ಟೆಯ ಟೇಪ್ ಅಂಟಿಸಿಕೊಳ್ಳುತ್ತಾರೆ. ಗೆಳತಿ ವೈಸರ್ ಮತ್ತು ಟೇಪ್‌ನವಳು. ಅವಳ ವೇಗಕ್ಕೆ ಅದೇ ಸರಿ. ಉಬ್ಬಸ ಇರುವುದರಿಂದ ಏರ್‌ಟ್ರಿಮ್ ಅನ್ನುವ ಮಾಸ್ಕ್ ಹಾಕುತ್ತಾಳೆ. ಅದರ ಫಿಲ್ಟರ್, ಬಿಟ್ಟ ಉಸಿರಿನ ಬಿಸಿ ಮತ್ತು ತೇವವನ್ನು ಹಿಡಿದಿಟ್ಟು ಎಳೆಯುವ ಗಾಳಿಗೆ ಕೊಡುತ್ತದೆ. ಉಬ್ಬಸದವರು ನನ್ನ ಬಟ್ಟೆಯ ಕೊಕ್ಕನ್ನು ನಂಬಬೇಡಿ, ವೈದ್ಯರನ್ನು ಕೇಳಿ ಅಂಥದ್ದು ತೆಗೆದುಕೊಳ್ಳಿ. ವ್ಯಾಸಲೀನ್ ಹಚ್ಚಿದರೆ ಸಾಕು ಅನ್ನುವವರೂ ಇದ್ದಾರೆ. ಅದು ಚರ್ಮ ಒಡೆಯುವುದನ್ನು ಕಡಿಮೆ ಮಾಡೀತು, ಹಿಮಗಾಯದಿಂದ ಕಾಪಾಡುತ್ತದೆ ಅಂತ ನಂಬಿ ಕೆನ್ನೆ ತೆರೆದಿಡಬೇಡಿ.

ಮೊದಲ ಏರು. ತಿಳಿ. ಎರಡನೇ ಏರು. ತಿಳಿ. ಜನವರಿಯಲ್ಲಿ ನಾನು ಕುರುಡಾಗಿ ಇಳಿದ ಅದೇ ಇಳುಕಲು. ಈ ಸಲ ಹಾದಿಯ ಅಂಚಿನ ಓಕ್ ಮರದ ಮೇಲೆ ಉಳಿದಿದ್ದ ಕಂದು ಎಲೆಗಳೂ ಕಂಡವು. ಕೆಳಗೆ ನಿಂತು ಬೆವರು ಒರೆಸಲು ಗಾಗಲನ್ನು ಹಣೆಗೆ ಏರಿಸಿದೆ. ಅದೊಂದು ತಪ್ಪು. ಹಣೆಯ ಬೆವರೆಲ್ಲ ಒಳಗಾಜಿಗೆ ಹತ್ತಿತು. ಅಲ್ಲಿಂದ ಮುಂದೆ ಎರಡು ಕಿ.ಮೀ. ಮಬ್ಬು. ಒರೆಸಬೇಕು ಅನ್ನಿಸಿದರೂ ಒರೆಸಲಿಲ್ಲ. ಒದ್ದೆ ಇರುವಾಗ ಒಳಗಾಜಿನ ಲೇಪ ಬಹಳ ಮೆತ್ತಗಿರುತ್ತದೆ, ಒರೆಸಿದರೆ ಕಿತ್ತು ಬರುತ್ತದೆ. ಹಿಮ ಒಳಗೆ ಬಿದ್ದರೆ ಕೊಡವಬೇಕು, ಅಷ್ಟೇ. ಮನೆಗೆ ಬಂದ ಮೇಲೆ ಹೀಟರ್ ಮೇಲೆ ಇಡದೆ, ಗಾಳಿಯಾಡುವ ಕಡೆ ನೇತುಹಾಕಿ ಒಣಗಿಸಬೇಕು.

ಆಮೇಲಿನ ವಾರ ಬ್ಡೆ ಮಕಾ ಸ್ಕಾ ಸರೋವರದ ಮೇಲೆ ಹೋದೆವು. ಹೆಪ್ಪುಗಟ್ಟಿದ ಬಯಲು, ಗಾಳಿಗೆ ಅಡ್ಡ ಒಂದು ಪೊದೆಯೂ ಇಲ್ಲ. ಮೈನಸ್ 15. ಒಂದು ಗಂಟೆ ಇಪ್ಪತ್ತು ನಿಮಿಷ. ಕೊಕ್ಕಿನ ತುದಿಯಲ್ಲಿ ಐಸಿನ ಕಡ್ಡಿಗಳು ಇಳಿದಿದ್ದವು, ಒಳಗೆ ಬಟ್ಟೆ ಒಣಗಿತ್ತು. ಗೆಳತಿ ಪ್ರತಿ ಹತ್ತು ನಿಮಿಷಕ್ಕೆ ನನ್ನ ಮುಖ ನೋಡುತ್ತಿದ್ದಳು, ನಾನು ಅವಳದು. ಎಷ್ಟೇ ಒಳ್ಳೆಯ ಮಾಸ್ಕ್ ಇದ್ದರೂ ಇದನ್ನು ಬಿಡಬಾರದು. ನಮ್ಮ ಕೆನ್ನೆ ಮರಗಟ್ಟಿದ್ದು ನಮಗೆ ಗೊತ್ತಾಗುವುದಿಲ್ಲ. ಅವಳ ಮೂಗಿನ ಟೇಪ್ ಒಂದು ಕಡೆ ಎದ್ದಿತ್ತು, ಕೆಳಗೆ ಬಿಳುಪು ಶುರುವಾಗಿತ್ತು. ಅಂಗೈ ಇಟ್ಟು ಬೆಚ್ಚಗೆ ಮಾಡಿ, ನನ್ನ ಚೀಲದಲ್ಲಿದ್ದ ಎರಡನೇ ಮಾಸ್ಕ್ ಕೊಟ್ಟೆ. ಅಳತೆ ನನ್ನದು, ಅವಳಿಗೆ ಮೂಗಿನ ಹತ್ತಿರ ಬಿಗಿ. ಆದರೂ ದಡ ಸೇರಿಸಿತು.

ಅಮ್ಮ ಹೊರಡುವ ಮುಂಚೆ ಅವಳನ್ನು ಕರೆಸಿ ಕೂರಿಸಿ ಅಳತೆ ತೆಗೆದಿದ್ದಾರೆ. ಬೆಡ್‌ಶೀಟಿನ ಮಾದರಿ ಹೊಲಿದು, ಎಡ ಬಲ ಅಂತ ಪೆನ್ಸಿಲಿನಲ್ಲಿ ಬರೆದಿಟ್ಟು ಹೋಗಿದ್ದಾರೆ. ಬಟ್ಟೆ ಕತ್ತರಿಸುವುದು ಈಗ ನನ್ನ ಪಾಲಿಗೆ. ಗಾಗಲ್‌ನ ಎಡ ಮೂಗಿನ ಫೋಮ್ ಒಂದು ಸೆಂಟಿಮೀಟರಿನಷ್ಟು ಎದ್ದಿದೆ. ಗಾಜು ಬಿಚ್ಚಿ ಪಕ್ಕದ ಕೋಣೆಯಲ್ಲಿಟ್ಟಿದ್ದೇನೆ. ಗಮ್ ಹಚ್ಚಿ ಹತ್ತು ನಿಮಿಷ ಆಯಿತು, ಇನ್ನು ಒತ್ತಬೇಕು.